ಹೆಣಿಗೆ ಹವ್ಯಾಸವನ್ನು ಮನೆ ಉದ್ಯಮ ಮಾಡುವುದು ಹೇಗೆ? ಕಾಸರಗೋಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡು, ಮಂಜೇಶ್ವರ ಕಡೆಯ ಮನೆಗಳಲ್ಲಿ ಕೈಕೆಲಸಕ್ಕೆ ಕೊರತೆ ಇಲ್ಲ. ಶಾಲೆಯ ಹೊಲಿಗೆ ಟೀಚರ್ ಕಲಿಸಿದ ಕ್ರೋಶ (ಕೊಕ್ಕೆ ಕಡ್ಡಿಯ ಹೆಣಿಗೆ), ಅತ್ತೆ ಹಾಕಿಟ್ಟ ಬಾಗಿಲ ತೋರಣ, ಯೂಟ್ಯೂಬ್ ನೋಡಿ ಕಲಿತ ಗೊಂಬೆ, ಒಂದಲ್ಲ ಒಂದು ಇದ್ದೇ ಇರುತ್ತದೆ. ನೋಡಿದವರು "ಎಷ್ಟು ಚಂದ ಉಂಟು, ನನಗೂ ಒಂದು ಮಾಡಿ ಕೊಡಿ" ಅನ್ನುತ್ತಾರೆ. ಮಾಡಿ ಕೊಡುತ್ತೇವೆ. ನೂಲಿನ ದುಡ್ಡು ಮಾತ್ರ ತೆಗೆದುಕೊಳ್ಳುತ್ತೇವೆ, ಕೆಲವೊಮ್ಮೆ ನಾಚಿಕೆಯಿಂದ ಅದನ್ನೂ ಕೇಳುವುದಿಲ್ಲ.

ಇಲ್ಲಿ ಹೊಲಿಗೆ ಹಾಕುವ ಪಾಠ ಇಲ್ಲ, ಅದು ನಿಮಗೆ ಗೊತ್ತೇ ಇದೆ. ಏನು ಮಾರಬೇಕು, ಎಷ್ಟಕ್ಕೆ ಮಾರಬೇಕು, ಗಡಿಯಲ್ಲಿ ಕೂತು ಎರಡು ರಾಜ್ಯಗಳಿಗೆ ಮಾರುವಾಗ ಯಾವ ಕಾಗದ ಬೇಕು ಎನ್ನುವುದಷ್ಟೇ ಇಲ್ಲಿನ ವಿಷಯ.

ಮೊದಲು ನಮ್ಮ ಊರಿನದ್ದೇ ಒಂದು ಉದಾಹರಣೆ ನೋಡಿ. ಚಂದ್ರಗಿರಿ ಹೊಳೆ ಬದಿಯ ತಳಂಗರೆಯಲ್ಲಿ ಹೆಂಗಸರು ಮನೆಯಲ್ಲೇ ಕೂತು ಕೈಯಲ್ಲಿ ಹೊಲಿದ ಟೋಪಿಗಳು ಗಲ್ಫ್ ದೇಶಗಳಿಗೆ ಹೋಗುತ್ತಿದ್ದವು. ತಳಂಗರೆ ಟೋಪಿ ಎಂದರೆ ಅಷ್ಟು ಹೆಸರು. ಮೆಷಿನ್ ಟೋಪಿ ಅಗ್ಗಕ್ಕೆ ಬಂದ ಮೇಲೆ ಕೈ ಟೋಪಿ ಹೊಲಿಯುವವರು ಕಮ್ಮಿಯಾದರು. ಆಂಧ್ರದ ನರಸಾಪುರದ್ದು ಇನ್ನೊಂದು ಕತೆ. ಅಲ್ಲಿನ ಕ್ರೋಶ ಲೇಸ್ ವಿದೇಶಕ್ಕೆ ಹೋಗುತ್ತದೆ, ಜಿಐ ಮಾನ್ಯತೆಯೂ (ಇದು ಇಂಥ ಊರಿನದ್ದೇ ಎಂಬ ಸರಕಾರಿ ಗುರುತು) ಸಿಕ್ಕಿದೆ. ಆದರೆ ಮನೆಯಲ್ಲಿ ಕೂತು ಹೆಣೆಯುವವಳಿಗೆ ಸಿಗುವುದು ಪೀಸಿಗಿಷ್ಟು ಎಂಬ ಸಣ್ಣ ಕೂಲಿ, ಲಾಭ ನಡುವಿನವರಿಗೆ. ಬೀಡಿ ಕಟ್ಟಿ ಗೊತ್ತಿರುವ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಮೆಷಿನ್ ಜೊತೆ ಪೈಪೋಟಿ ಬೇಡ. ನಿಮ್ಮ ಗಂಟೆಯ ಬೆಲೆಯನ್ನು ಬೇರೆಯವರು ಹೇಳುವಂತೆಯೂ ಆಗಬಾರದು. ಮುಂದೆ ಹೇಳುವುದೆಲ್ಲ ಈ ಎರಡು ಮಾತಿನ ಮೇಲೆಯೇ ನಿಂತಿದೆ.

ಹಂತ 1: ಗಂಟೆ ಬರೆದಿಡಿ

ಒಂದು ನೋಟ್‌ಬುಕ್ ಮತ್ತು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ವಸ್ತು ಮಾಡಲು ಶುರು ಮಾಡುವ ಮೊದಲು ನೂಲಿನ ಉಂಡೆ ತೂಗಿ, ಮುಗಿದ ಮೇಲೆ ಉಳಿದದ್ದು ತೂಗಿ. ಎಷ್ಟು ಗ್ರಾಂ ಹೋಯಿತೆಂದು ಗೊತ್ತಾಗುತ್ತದೆ. ಕೂತಾಗಲೆಲ್ಲ ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ. ಬಾಗಿಲು ಬಡಿದರೆ, ಕುಕ್ಕರ್ ಕೂಗಿದರೆ ನಿಲ್ಲಿಸಿ.

ತುಂಬಾ ಜನ ಹೆಣೆಯುವ ಸಮಯ ಮಾತ್ರ ಲೆಕ್ಕ ಹಾಕುತ್ತಾರೆ. ತುದಿ ನೂಲು ಒಳಗೆ ಸೇರಿಸುವುದು, ಗುಂಡಿ ಹೊಲಿಯುವುದು, ನೀರಲ್ಲಿ ಅದ್ದಿ ಆಕಾರಕ್ಕೆ ಪಿನ್ ಚುಚ್ಚಿ ಒಣಗಿಸುವುದು, ಫೋಟೋ ತೆಗೆಯುವುದು, ಪ್ಯಾಕ್ ಮಾಡುವುದು, ಗಿರಾಕಿಯ ಹತ್ತು ಮೆಸೇಜಿಗೆ ಉತ್ತರ ಕೊಡುವುದು, ಇವೆಲ್ಲ ಸಮಯವೇ ಅಲ್ವಾ? ಸಣ್ಣ ವಸ್ತುಗಳಲ್ಲಂತೂ ಈ ಚಿಲ್ಲರೆ ಕೆಲಸ ಹೆಣಿಗೆಯಷ್ಟೇ ಹೊತ್ತು ತಿನ್ನುತ್ತದೆ.

ಮೊದಲ ಪೀಸಿನ ಸಮಯ ನಂಬಬೇಡಿ. ಅದರಲ್ಲಿ ಬಿಚ್ಚಿ ಹಾಕಿದ್ದೇ ಜಾಸ್ತಿ ಇರುತ್ತದೆ. ಒಂದೇ ವಸ್ತುವನ್ನು ಮೂರನೇ ಸಲ ಮಾಡುವಾಗ ಬರುವ ಸಮಯವೇ ನಿಜವಾದದ್ದು.

ಹಂತ 2: ಇಲ್ಲಿನ ಹವೆಗೆ, ಇಲ್ಲಿನ ಮನೆಗೆ ಹೊಂದುವ ವಸ್ತು ಆರಿಸಿ

ಹೆಣಿಗೆ ಎಂದ ಕೂಡಲೇ ಸ್ವೆಟರ್ ನೆನಪಾಗುತ್ತದೆ. ನಮ್ಮ ಕರಾವಳಿಯಲ್ಲಿ ಸ್ವೆಟರ್ ಹಾಕುವವರು ಯಾರು? ಬೆಂಗಳೂರಿಗೋ ಮಡಿಕೇರಿಗೋ ಹೋಗುವವರಿಂದ ವರ್ಷಕ್ಕೆ ಎಲ್ಲೋ ಒಂದೆರಡು ಆರ್ಡರ್ ಬರಬಹುದು. ದೊಡ್ಡವರ ಸ್ವೆಟರಿಗೆ ಮೂವತ್ತು ನಲವತ್ತು ಗಂಟೆ ಬೇಕು. ಅಂಗಡಿಯ ಮೆಷಿನ್ ಸ್ವೆಟರ್ ಎದುರು ಅಷ್ಟು ಗಂಟೆಯ ಬೆಲೆ ಯಾರೂ ಕೊಡುವುದಿಲ್ಲ. ಆಸೆಗೆ ಹಾಕಿ, ಮನೆಯವರಿಗೆ ಕೊಡಿ. ಮಾರಾಟದ ಪಟ್ಟಿಯಲ್ಲಿ ಮಾತ್ರ ಬೇಡ. ದೊಡ್ಡ ಟೇಬಲ್ ಕ್ಲಾತ್, ಬೆಡ್‌ಶೀಟಿನ ಲೇಸ್‌ಗೂ ಇದೇ ಮಾತು.

ಇಲ್ಲಿ ಹೋಗುವುದು ಹತ್ತಿ ನೂಲಿನ ಸಣ್ಣ ವಸ್ತುಗಳು. ಜೊತೆಗೆ, ಗಿರಾಕಿ ತಾನೇ ತಂದುಕೊಡುವ ವಸ್ತುವಿನ ಮೇಲೆ ಮಾಡುವ ಕೆಲಸ.

ಮಗುವಿನ ಟೋಪಿ ಮತ್ತು ಬೂಟಿ (ನೂಲಿನ ಕಾಲುಚೀಲ): ತೊಟ್ಟಿಲ ಶಾಸ್ತ್ರ, ನಾಮಕರಣ, ಮಲಯಾಳಿ ಮನೆಗಳ 28ನೇ ದಿನದ ನೂಲುಕೆಟ್ಟು, ಕ್ರಿಶ್ಚಿಯನ್ ಮನೆಗಳ ಜ್ಞಾನಸ್ನಾನ. ವರ್ಷವಿಡೀ ಬೇಡಿಕೆ ಇರುವ ವಸ್ತು ಇದು. ಹತ್ತಿಯಲ್ಲೇ ಮಾಡಿ. ನಾವು ಉಲ್ಲನ್ ಎಂದು ಕರೆಯುವ ನೂಲು ಹೆಚ್ಚಿನ ಸಲ ಅಕ್ರಿಲಿಕ್, ಅದು ಬೆವರು ಹೀರುವುದಿಲ್ಲ. ಏಪ್ರಿಲಿನ ಸೆಕೆಯಲ್ಲಿ ಅದನ್ನು ಮಗುವಿನ ತಲೆಗೆ ಹಾಕಿದರೆ ಎರಡನೇ ಆರ್ಡರ್ ಬರುವುದಿಲ್ಲ.

ಬಾಗಿಲ ತೋರಣ: ಅಕ್ರಿಲಿಕ್ ಇಲ್ಲಿ ಪರವಾಗಿಲ್ಲ, ಬಣ್ಣ ಬೇಗ ಮಾಸುವುದಿಲ್ಲ. ಮೂರರಿಂದ ನಾಲ್ಕು ಅಡಿ ಉದ್ದ ಬೇಕಾಗುತ್ತದೆ. ಬಾಗಿಲಿನ ಅಳತೆ ಕೇಳಿಯೇ ಶುರು ಮಾಡಿ. ಮಾವಿನ ಎಲೆ, ಚೆಂಡುಹೂವಿನ ಆಕಾರಗಳನ್ನು ಬಿಡಿ ಬಿಡಿಯಾಗಿ ಮಾಡಿಟ್ಟರೆ ಆರ್ಡರ್ ಬಂದಾಗ ಜೋಡಿಸುವುದಷ್ಟೇ ಕೆಲಸ.

ಸಮಾರಂಭದ ಉಡುಗೊರೆ: ಗೃಹಪ್ರವೇಶ, ಉಪನಯನ, ಮದುವೆಗೆ ಬಂದವರಿಗೆ ಕೊಡುವ ಸಣ್ಣ ಪರ್ಸ್, ಲೋಟದಡಿಯ ಮ್ಯಾಟ್, ಕೀ ಚೈನ್. "ನೂರು ಬೇಕು" ಅನ್ನುವಾಗ ಖುಷಿಯಾಗುತ್ತದೆ. ಹೂಂ ಅನ್ನುವ ಮೊದಲು ಲೆಕ್ಕ ಹಾಕಿ. ಒಂದಕ್ಕೆ 25 ನಿಮಿಷ ಎಂದರೆ ನೂರಕ್ಕೆ 2,500 ನಿಮಿಷ, ಹತ್ತಿರ ಹತ್ತಿರ 42 ಗಂಟೆ. ದಿನಕ್ಕೆ ಮೂರು ಗಂಟೆ ಕೂತರೂ ಎರಡು ವಾರ. ನಡುವೆ ಒಂದು ಜ್ವರ, ಒಂದು ಮದುವೆ ಬಂದರೆ ಮೂರು ವಾರ.

ಗೊಂಬೆ: ಇದರಲ್ಲಿ ಕಾನೂನಿನ ತೊಡಕು ಇದೆ, ಕಾಗದಪತ್ರದ ಭಾಗದಲ್ಲಿ ಹೇಳುತ್ತೇನೆ. ಈಗ ಇಷ್ಟು ನೆನಪಿಡಿ: ಪುಟ್ಟ ಮಕ್ಕಳ ಗೊಂಬೆಗೆ ಮಣಿಯ ಕಣ್ಣು ಬೇಡ, ನೂಲಿನಲ್ಲೇ ಕಣ್ಣು ಹೊಲಿಯಿರಿ. ಕಿತ್ತು ಬಂದ ಮಣಿ ಮಗುವಿನ ಗಂಟಲಿಗೆ ಹೋಗಬಹುದು. ಸಿನಿಮಾ, ಕಾರ್ಟೂನಿನ ಪ್ರಸಿದ್ಧ ಪಾತ್ರಗಳ ಗೊಂಬೆ ಮಾಡಿ ಮಾರುವುದಕ್ಕೂ ಅವರ ಅನುಮತಿ ಬೇಕು. ದುಡ್ಡು ಕೊಟ್ಟು ತಂದ ಪ್ಯಾಟರ್ನ್ ಇದ್ದರೆ, ಅದರಿಂದ ಮಾಡಿದ್ದನ್ನು ಮಾರಬಹುದೇ ಎಂದು ಅದರಲ್ಲೇ ಬರೆದಿರುತ್ತದೆ. ಓದಿ ನೋಡಿ.

ಸೀರೆ ಕುಚ್ಚು: ನನ್ನನ್ನು ಕೇಳಿದರೆ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಹಾಗಾಗಿ ಇದಕ್ಕೊಂದು ಹಂತವನ್ನೇ ಬಿಟ್ಟಿದ್ದೇನೆ.

ಹಂತ 3: ಕುಚ್ಚಿನಿಂದ ಶುರು ಮಾಡಿ

ಕಾರಣ ಸರಳ. ಸೀರೆ ಗಿರಾಕಿಯದ್ದು. ನಿಮ್ಮ ಖರ್ಚು ಕೆಲವು ಉಂಡೆ ಸಿಲ್ಕ್ ಥ್ರೆಡ್, ಸ್ವಲ್ಪ ಮಣಿ, ಅಷ್ಟೇ. ಮಾಲು ಮಾಡಿಟ್ಟು ಮಾರಾಟವಾಗದೆ ಉಳಿಯುವ ಭಯ ಇಲ್ಲ. ಮೆಷಿನ್ ಪೈಪೋಟಿಯೂ ಕಮ್ಮಿ, ಏಕೆಂದರೆ ಪ್ರತಿ ಸೀರೆಯ ಬಣ್ಣಕ್ಕೆ ಹೊಂದಿಸಿ ಕೈಯಲ್ಲೇ ಮಾಡಬೇಕು. ಬರೀ ಗಂಟು ಹಾಕುವ ಕುಚ್ಚು ಕಟ್ಟುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಕ್ರೋಶ ಕುಚ್ಚು ಗೊತ್ತಿರುವವರು ಅಷ್ಟಿಲ್ಲ. ನಿಮ್ಮ ಕೈಗೆ ಕ್ರೋಶ ಬರುತ್ತದೆ ಎಂದರೆ ಅರ್ಧ ದಾರಿ ಆಗಲೇ ಮುಗಿದಿದೆ.

ಬೇಕಾದ್ದು: 0.75ರಿಂದ 1 ಮಿಲಿಮೀಟರಿನ ಸ್ಟೀಲ್ ಕ್ರೋಶ ಕಡ್ಡಿ, ಸಿಲ್ಕ್ ಥ್ರೆಡ್, ಮಣಿ, ಒಳ್ಳೆಯ ಸಣ್ಣ ಕತ್ತರಿ, ಅಳತೆ ಟೇಪ್, ಗುರುತು ಹಾಕಲು ತೊಳೆದರೆ ಹೋಗುವ ಚಾಕ್.

ಕ್ರಮ ಹೀಗೆ. ಸೆರಗಿನ ತುದಿಯ ನೂಲು ಬಿಚ್ಚಿಕೊಳ್ಳದಂತೆ ಮೊದಲು ಸಣ್ಣಗೆ ಮಡಚಿ ಹೊಲಿಯಿರಿ, ಅಥವಾ ಟೈಲರ್ ಹತ್ತಿರ ಜಿಗ್‌ಜಾಗ್ ಮಾಡಿಸಿ. ಸೆರಗಿನ ಅಗಲ ಸಾಧಾರಣ 45ರಿಂದ 48 ಇಂಚು ಇರುತ್ತದೆ. ಅರ್ಧ ಇಂಚಿಗೊಂದೋ ಮುಕ್ಕಾಲು ಇಂಚಿಗೊಂದೋ ಗುರುತು ಹಾಕಿ. ಎರಡೂ ತುದಿಯಲ್ಲಿ ಒಂದೇ ವಿನ್ಯಾಸ ಬರುವಂತೆ ಮೊದಲೇ ಭಾಗಿಸಿ ನೋಡಿ, ಕೊನೆಯಲ್ಲಿ ಅರ್ಧ ಕುಚ್ಚು ಉಳಿದರೆ ಚಂದ ಕಾಣುವುದಿಲ್ಲ. ಆಮೇಲೆ ಕಡ್ಡಿಯನ್ನು ಬಟ್ಟೆಯೊಳಗೆ ಹಾಯಿಸಿ ಮೊದಲ ಸಾಲು ಹಾಕಿ. ಎರಡನೇ ಸಾಲಿನಲ್ಲಿ ಮಣಿ, ಕಮಾನು. ಕಡೆಗೆ ಗೊಂಡೆ.

ತೆಳು ರೇಷ್ಮೆಗೆ ದಪ್ಪ ಕಡ್ಡಿ ಚುಚ್ಚಿದರೆ ತೂತು ಎದ್ದು ಕಾಣುತ್ತದೆ, ಎಳೆದರೆ ಹರಿಯುತ್ತದೆ. ಬ್ಲೌಸ್ ಪೀಸಿನ ಮೇಲೆ ಕೈ ಕೂರುವವರೆಗೆ ಗಿರಾಕಿಯ ರೇಷ್ಮೆ ಸೀರೆ ಮುಟ್ಟಬೇಡಿ. ನಮ್ಮದೇ ಕಾಸರಗೋಡು ಸೀರೆ ಇದೆಯಲ್ಲ, ಹತ್ತಿಯದ್ದು, ಜಿಐ ಮಾನ್ಯತೆ ಇರುವುದು, ಅದರ ನೇಯ್ಗೆ ಗಟ್ಟಿ. ಅದರ ಮೇಲೆ ಹತ್ತಿ ನೂಲಿನದ್ದೇ ಸರಳ ಕುಚ್ಚು ಹಾಕಿದರೆ ತುಂಬಾ ಒಪ್ಪುತ್ತದೆ. ಮಾದರಿ ತೋರಿಸಲು ಅಂಥದ್ದೊಂದು ನಿಮ್ಮ ಸೀರೆಗೇ ಮಾಡಿಟ್ಟುಕೊಳ್ಳಿ. ಮದುವೆ ಮನೆಗೆ ಉಟ್ಟು ಹೋದರೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಡ.

ಬಣ್ಣ ಬಿಡುತ್ತದೆಯೇ ಎಂದು ನೋಡುವುದು ಕಡ್ಡಾಯ. ಒಂದು ತುಂಡು ನೂಲನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಭಾರ ಇಟ್ಟು ಒಂದು ರಾತ್ರಿ ಬಿಡಿ. ಕೆಂಪು, ಮರೂನ್, ಕಡು ನೀಲಿ ಹೆಚ್ಚಾಗಿ ಕೈ ಕೊಡುವ ಬಣ್ಣಗಳು. ಉಪ್ಪು ನೀರಿನಲ್ಲಿ, ವಿನೆಗರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎನ್ನುವುದನ್ನು ನಂಬಿ ಕೂರಬೇಡಿ. ಬಣ್ಣ ಬಿಡುವ ನೂಲನ್ನು ಸುಮ್ನೆ ಬದಿಗಿಡಿ, ತೋರಣಕ್ಕೆ ಬಳಸಿ.

ಇನ್ನೊಂದು ಮಾತು, ಇದು ಕಲೆಗಿಂತ ಮುಖ್ಯ. ಸೀರೆ ತೆಗೆದುಕೊಳ್ಳುವಾಗ ಗಿರಾಕಿಯ ಎದುರೇ ಪೂರ್ತಿ ಬಿಡಿಸಿ ನೋಡಿ. ಕಲೆ, ಹರಕು ಇದ್ದರೆ ತೋರಿಸಿ, ಫೋಟೋ ತೆಗೆದು ಅವರಿಗೆ ವಾಟ್ಸಾಪ್ ಮಾಡಿ. ಹದಿನೈದು ಸಾವಿರದ ಸೀರೆ ನಿಮ್ಮ ಕಪಾಟಿನಲ್ಲಿ ಇರುವಾಗ "ಇದು ಮೊದಲು ಇರಲಿಲ್ಲ" ಎಂಬ ಮಾತು ಬರಬಾರದು. ಸೀರೆಗೆ ಹೆಸರು, ತಾರೀಕು ಬರೆದ ಚೀಟಿ ಪಿನ್ ಮಾಡಿ. ಪಿನ್ ಮಾತ್ರ ಕವರಿಗೆ, ಸೀರೆಗಲ್ಲ.

ಹಂತ 4: ನೂಲು ಎಲ್ಲಿಂದ, ಎಷ್ಟು

ಆರಂಭಕ್ಕೆ ಮೂರರಿಂದ ಐದು ಸಾವಿರ ರೂಪಾಯಿಗಿಂತ ಹೆಚ್ಚು ಹಾಕಬೇಡಿ. ಇಪ್ಪತ್ತು ಬಣ್ಣ ತಂದು ಡಬ್ಬಿ ತುಂಬಿಸುವ ಆಸೆ ಎಲ್ಲರಿಗೂ ಇರುತ್ತದೆ. ನೂಲು ಕೊಳ್ಳುವುದೇ ಒಂದು ಬೇರೆ ಹವ್ಯಾಸ! ಬಿಳಿ, ಕ್ರೀಮ್, ಕೆಂಪು, ಹಳದಿ, ಹಸಿರು, ಮಗುವಿನ ವಸ್ತುಗಳಿಗೆ ಎರಡು ತಿಳಿ ಬಣ್ಣ. ಉಳಿದದ್ದು ಆರ್ಡರ್ ಬಂದ ಮೇಲೆ.

ಚಿಲ್ಲರೆಗೆ ಊರಿನ ಫ್ಯಾನ್ಸಿ ಅಂಗಡಿ ಸಾಕು. ಸ್ವಲ್ಪ ಜಾಸ್ತಿ ಬೇಕಾದರೆ ಮಂಗಳೂರಿಗೆ ಹೋಗಿ, ರೈಲಿನಲ್ಲಿ ಕಾಸರಗೋಡಿನಿಂದ 50 ಕಿಲೋಮೀಟರಿನ ಆಸುಪಾಸು. ಆಂಕರ್, ವರ್ಧಮಾನ್‌ನಂಥ ಬ್ರಾಂಡಿನ ನೂಲಿನ ಲಾಭ ಏನೆಂದರೆ ಲೇಬಲ್ ಮೇಲೆ ಬಣ್ಣದ ನಂಬರ್, ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್) ಇರುತ್ತದೆ. ಬಣ್ಣದ ನಂಬರ್ ಒಂದೇ ಇದ್ದು ಲಾಟ್ ಬೇರೆಯಾದರೂ ಛಾಯೆ ಸ್ವಲ್ಪ ಬೇರೆ ಬರುತ್ತದೆ. ಒಂದು ಆರ್ಡರಿಗೆ ಬೇಕಾದ್ದನ್ನೆಲ್ಲ ಒಂದೇ ಲಾಟಿನಲ್ಲಿ ತಂದುಬಿಡಿ, ಒಂದು ಉಂಡೆ ಹೆಚ್ಚೇ ಇರಲಿ. ಲೇಬಲ್ ಎಸೆಯದೆ ನೋಟ್‌ಬುಕ್ಕಿಗೆ ಅಂಟಿಸಿ.

ಕ್ರೋಶ ಹತ್ತಿ ನೂಲಿನಲ್ಲಿ ನಂಬರ್ ದೊಡ್ಡದಾದಷ್ಟು ನೂಲು ಸಣ್ಣ. 40ರ ನೂಲು 20ಕ್ಕಿಂತ ತೆಳು. ತೆಳು ನೂಲಿನ ಕೆಲಸ ನೋಡಲು ಚಂದ, ಆದರೆ ಸಮಯ ನುಂಗುತ್ತದೆ. ಮಾರಾಟಕ್ಕೆ ಸ್ವಲ್ಪ ದಪ್ಪ ನೂಲು, 3ರಿಂದ 4 ಮಿಲಿಮೀಟರಿನ ಕಡ್ಡಿ ಹಿತ.

ಹಂತ 5: ಬೆಲೆ ಕಟ್ಟುವುದು

ಇಲ್ಲಿ ನಿಧಾನಕ್ಕೆ ಓದಿ, ಪೆನ್ನು ಹಿಡಿದರೆ ಒಳ್ಳೆಯದು.

ಗಂಟೆಗೆ ಎಷ್ಟು? ಒಂದು ಅಳತೆಗೋಲು ಹೇಳುತ್ತೇನೆ. ಕೇರಳದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ 2025-26ರಲ್ಲಿ ನಿಗದಿಯಾದ ಕೂಲಿ ದಿನಕ್ಕೆ 369 ರೂಪಾಯಿ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46. ವಿಶೇಷ ಕೌಶಲ ಬೇಡದ ಕೆಲಸಕ್ಕೆ ಸರಕಾರ ಇಟ್ಟ ದರ ಅದು. ವರ್ಷಗಟ್ಟಲೆ ಕೈ ಪಳಗಿಸಿದವರು ಅದಕ್ಕಿಂತ ಕೆಳಗೆ ಇಳಿಯಲೇಬಾರದು. ಶುರುವಿಗೆ ಗಂಟೆಗೆ 60 ಇಟ್ಟುಕೊಳ್ಳಿ, ಕೈ ಬೇಗ ಓಡತೊಡಗಿದಂತೆ ಏರಿಸಿ.

ಉದಾಹರಣೆಗೆ ಒಂದು ಮಗುವಿನ ಸೆಟ್, ಟೋಪಿ ಮತ್ತು ಬೂಟಿ. ನೂಲು 120 ರೂಪಾಯಿ, ರಿಬ್ಬನ್ ಮತ್ತು ಗುಂಡಿ 15, ಡಬ್ಬಿ 20. ಒಟ್ಟು 155. ಕೆಲಸ ಐದು ಗಂಟೆ, ಗಂಟೆಗೆ 60ರಂತೆ 300. ಸೇರಿಸಿದರೆ 455. ಕರೆಂಟು, ಫೋನು, ಬಸ್ ಚಾರ್ಜು, ಹಾಳಾದ ಪೀಸುಗಳಿಗೆಂದು ನೂರಕ್ಕೆ ಹತ್ತರಷ್ಟು, ಅಂದರೆ ಸುಮಾರು 45. ಈಗ 500 ಆಯಿತು. ಇದು ನಿಮ್ಮ ಅಸಲು, ಲಾಭ ಇನ್ನೂ ಬಂದಿಲ್ಲ. ನೂರಕ್ಕೆ ಇಪ್ಪತ್ತು ಲಾಭ ಸೇರಿಸಿ, 600. ನಿಮ್ಮ ಕೂಲಿ ಬೇರೆ, ಉದ್ಯಮದ ಲಾಭ ಬೇರೆ. ಮುಂದಿನ ನೂಲು, ಹೊಸ ಕಡ್ಡಿ, ಒಂದು ದಿನ ಹೊಲಿಗೆ ಮೆಷಿನ್ ಬರುವುದು ಆ ಲಾಭದಿಂದ.

ಈಗ ಅಂಗಡಿಯವರು "ನಮ್ಮಲ್ಲಿ ಇಡಿ, ನೂರಕ್ಕೆ 30 ಕಮಿಷನ್" ಎನ್ನುತ್ತಾರೆ ಎಂದುಕೊಳ್ಳಿ. ಹೆಚ್ಚಿನವರು 600ಕ್ಕೆ 30 ಪರ್ಸೆಂಟ್ ಸೇರಿಸಿ 780 ಎಂದು ಬರೆದು ಕೊಟ್ಟುಬಿಡುತ್ತಾರೆ. ಅಂಗಡಿಯವರು ಕಮಿಷನ್ ಹಿಡಿಯುವುದು 780ರ ಮೇಲೆ, ಅಂದರೆ 234. ಕೈಗೆ ಸಿಗುವುದು 546. ನೂರರ ಲಾಭ ನಲವತ್ತಾರಕ್ಕೆ ಇಳಿಯಿತು. ಸರಿಯಾದ ಲೆಕ್ಕ: 600ನ್ನು 0.7ರಿಂದ ಭಾಗಿಸಿ. 857 ಬರುತ್ತದೆ, 860 ಎಂದು ಬರೆಯಿರಿ. ಅಂಗಡಿಯಲ್ಲಿ 860 ಇರುವುದನ್ನು ಮನೆಗೆ ಬಂದವರಿಗೆ 600ಕ್ಕೆ ಕೊಟ್ಟರೆ ಅಂಗಡಿಯವರು ಮತ್ತೆ ನಿಮ್ಮ ಮಾಲು ಇಡುವುದಿಲ್ಲ. ಎರಡೂ ಕಡೆ ಹತ್ತಿರದ ಬೆಲೆ ಇರಲಿ.

860 ಯಾರೂ ಕೊಡುವುದಿಲ್ಲ ಅನಿಸಿದರೆ? ಕೂಲಿ ಕಡಿಮೆ ಮಾಡಬೇಡಿ, ವಸ್ತು ಬದಲಿಸಿ. ಅದೇ ಟೋಪಿಯನ್ನು ದಪ್ಪ ನೂಲಿನಲ್ಲಿ, ಸರಳ ವಿನ್ಯಾಸದಲ್ಲಿ ಮೂರು ಗಂಟೆಯಲ್ಲಿ ಮುಗಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ಆ ವಸ್ತುವನ್ನು ಪಟ್ಟಿಯಿಂದ ತೆಗೆದುಬಿಡಿ, ಬೇಸರ ಬೇಡ.

ಚೌಕಾಸಿ ಇದ್ದದ್ದೇ. "ಅಕ್ಕಾ, ಸ್ವಲ್ಪ ಕಮ್ಮಿ ಮಾಡಿ, ನಮ್ಮವರೇ ಅಲ್ವಾ" ಎಂದಾಗ ಬೆಲೆ ಇಳಿಸುವ ಬದಲು ಕೆಲಸ ಇಳಿಸಿ. "ನಾನೂರಕ್ಕೆ ಟೋಪಿ ಮಾತ್ರ ಮಾಡಿ ಕೊಡಬಹುದು, ಬೂಟಿ ಬೇಡವಾ?" ಎಂದು ನಗುತ್ತಾ ಕೇಳಿ. ತೀರಾ ಹತ್ತಿರದವರಿಗೆ ಉಡುಗೊರೆ ಕೊಡಬೇಕೆನಿಸಿದರೆ ಪೂರ್ತಿ ಉಡುಗೊರೆಯಾಗಿಯೇ ಕೊಡಿ. ಅರ್ಧ ಬೆಲೆಗೆ ಕೊಟ್ಟರೆ ಅದೇ ನಿಮ್ಮ ಬೆಲೆ ಎಂದು ಊರಿಡೀ ಸುದ್ದಿಯಾಗುತ್ತದೆ.

ಆರ್ಡರಿನ ಕೆಲಸಕ್ಕೆ ಅರ್ಧ ಅಡ್ವಾನ್ಸ್ ತೆಗೆದುಕೊಳ್ಳಿ. ಹೆಸರು ಹಾಕಿದ ವಸ್ತುವಿಗೆ ಪೂರ್ತಿ. ಮಗುವಿನ ಹೆಸರು ಹೊಲಿದ ಟೋಪಿಯನ್ನು ಇನ್ಯಾರಿಗೆ ಮಾರುತ್ತೀರಿ?

ಹಂತ 6: ಮಳೆಗಾಲ ದಾಟಿಸಿ

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಗೋಡೆಯೂ ಬೆವರುತ್ತದೆ. ಹತ್ತಿ ನೂಲಿಗೆ ಬೂಸ್ಟು, ಕಪ್ಪು ಚುಕ್ಕೆ. ಒಮ್ಮೆ ಕೂತ ಚುಕ್ಕೆ ಹೋಗುವುದು ಕಷ್ಟ. ಮೇ ತಿಂಗಳ ಬಿಸಿಲು ಇರುವಾಗಲೇ ಮಾಲನ್ನೆಲ್ಲ ನೆರಳಿಗೆ ಹರವಿ ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಗೋಡೆಗೆ ತಾಗಿದ ಕಪಾಟಿನ ಕೆಳಗಿನ ಅರೆ ಬೇಡ. ಗಂಜಿ ಹಾಕಿದ್ದನ್ನು ಎತ್ತಿಡಲೇಬೇಡಿ, ಗಂಜಿಗೆ ಬೂಸ್ಟೂ ಬರುತ್ತದೆ, ಹುಳವೂ ಬರುತ್ತದೆ. ಲಾವಂಚದ ಬೇರು ಇಟ್ಟರೆ ಪೆಟ್ಟಿಗೆ ತೆರೆದಾಗ ಒಳ್ಳೆಯ ಪರಿಮಳ. ನುಸಿಗುಳಿಗೆಯ ವಾಸನೆ ಮಗುವಿನ ಬಟ್ಟೆಗೆ ಬೇಡ.

ಮಳೆಯಲ್ಲಿ ಪಾರ್ಸೆಲ್ ಕಳಿಸುವಾಗ ಒಳಗೆ ಒಂದು ಪ್ಲಾಸ್ಟಿಕ್ ಕವರ್ ಇರಲಿ. ಅಂಚೆಯಲ್ಲಿ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ತೂಕ ಮತ್ತು ದೂರ ನೋಡಿ ದರ ಹಾಕುತ್ತಾರೆ. ಡಬ್ಬಿ ಸಮೇತ ತೂಗಿ, ಆ ಖರ್ಚನ್ನು ಬೆಲೆಯಿಂದ ಬೇರೆಯಾಗಿ ಹೇಳಿ.

ಹಂತ 7: ಗಿರಾಕಿ ಹುಡುಕುವುದು

ಫೋಟೋ ಬೆಳಗ್ಗೆ ಒಂಬತ್ತರ ಹೊತ್ತಿಗೆ ಜಗಲಿಯಲ್ಲಿ ತೆಗೆಯಿರಿ, ಫ್ಲಾಶ್ ಬೇಡ. ಕೆಂಪು ಕಾವಿ ನೆಲ ಇದ್ದರೆ ಅದಕ್ಕಿಂತ ಒಳ್ಳೆಯ ಹಿನ್ನೆಲೆ ಇಲ್ಲ, ಬಿಳಿ ಕ್ರೋಶ ಎದ್ದು ಕಾಣುತ್ತದೆ. ಅಳತೆ ತಿಳಿಯಲು ಪಕ್ಕದಲ್ಲಿ ಟೇಪ್ ಇಡಿ. ಬೆಲೆ ಬರೆಯಿರಿ. "ಬೆಲೆಗೆ ಮೆಸೇಜ್ ಮಾಡಿ" ಎಂದರೆ ಅರ್ಧ ಜನ ಮುಂದೆ ಹೋಗಿಬಿಡುತ್ತಾರೆ.

ನಮಗೊಂದು ಅನುಕೂಲ ಇದೆ. ಒಂದೇ ಬೀದಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಕೇಳುತ್ತೇವೆ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಕನ್ನಡದ ಕೆಳಗೆ ಮಲಯಾಳದಲ್ಲೂ ಎರಡು ಸಾಲು ಇರಲಿ. ಬರೆಯಲು ಬರದಿದ್ದರೆ ಮಕ್ಕಳ ಹತ್ತಿರ ಬರೆಸಿ. ಗಿರಾಕಿ ದುಪ್ಪಟ್ಟಾಗಲು ಇದಕ್ಕಿಂತ ಸುಲಭದ ದಾರಿ ಕಾಣೆ.

ಕ್ಯಾಲೆಂಡರ್ ನೋಡಿ ಕೆಲಸ ಹಂಚಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ ತಿಂಗಳು, ಮದುವೆ ಇಲ್ಲ, ಕುಚ್ಚಿನ ಆರ್ಡರ್ ಬರುವುದಿಲ್ಲ. ಆದರೆ ಅದೇ ಹೊತ್ತಿಗೆ ಗಲ್ಫಿನ ಶಾಲೆಗಳಿಗೆ ರಜೆ, ಅಲ್ಲಿರುವ ಕುಟುಂಬಗಳು ಊರಿಗೆ ಬರುತ್ತವೆ. ವಾಪಸ್ ಹೋಗುವಾಗ ಹಗುರದ, ಮಡಚಿದರೆ ಹಾಳಾಗದ ಉಡುಗೊರೆ ಹುಡುಕುತ್ತಾರೆ. ತೋರಣ, ಪರ್ಸ್, ಮಗುವಿನ ಸೆಟ್ ಆಗ ಸಿದ್ಧ ಇರಬೇಕು. ಆಟಿ ಮುಗಿದ ಕೂಡಲೇ ಓಣಂ, ಚೌತಿ, ಮದುವೆಗಳು ಒಟ್ಟಿಗೆ ಬರುತ್ತವೆ. ಆಗ ಮಾಲು ಮಾಡಲು ಕೂತರೆ ಆಗುವುದಿಲ್ಲ. ಆಮೇಲೆ ದೀಪಾವಳಿ, ಕ್ರಿಸ್ಮಸ್, ಜನವರಿಯಲ್ಲಿ ಕುಂಬಳೆ ಆಯನದ ಜಾತ್ರೆ.

ಕುಚ್ಚಿಗಾದರೆ ಸೀರೆ ಅಂಗಡಿ ಮತ್ತು ಟೈಲರಮ್ಮ ನಿಮ್ಮ ಬಾಗಿಲು. ಬ್ಲೌಸ್ ಹೊಲಿಯಲು ಬಂದವರನ್ನು ಅವರು ನಿಮ್ಮ ಹತ್ತಿರ ಕಳಿಸುತ್ತಾರೆ. ಅವರಿಗೊಂದು ಸಣ್ಣ ಪಾಲು ಮೊದಲೇ ಮಾತಾಡಿಕೊಳ್ಳಿ. ನಾಲ್ಕೈದು ಮಾದರಿ ಕುಚ್ಚುಗಳನ್ನು ಬಟ್ಟೆ ಪಟ್ಟಿಗೆ ಹೊಲಿದು, ನಂಬರ್ ಹಾಕಿ ಅಲ್ಲಿ ಇಟ್ಟು ಬನ್ನಿ.

ಹಂತ 8: ಕಾಗದಪತ್ರ, ಮತ್ತು ತಲಪಾಡಿ ಗಡಿಯ ಆಚೆ ಈಚೆ

ಸಣ್ಣ ಉದ್ಯಮಗಳಿಗೆಂದು ಇರುವ ಉದ್ಯಂ ನೋಂದಣಿ ಮೊದಲು ಮಾಡಿ. ಆಧಾರ್, ಪ್ಯಾನ್ ಸಾಕು. ಕೇಂದ್ರ ಸರಕಾರದ ಪೋರ್ಟಲ್ಲಿನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್, ನೋಂದಣಿಯಾದ ಮೇಲೆ "ಸರ್ಟಿಫಿಕೇಟ್ ಫೀಸ್" ಎಂದು ಬರುವ ಫೋನ್, ಎರಡನ್ನೂ ನಂಬಬೇಡಿ. ಪಂಚಾಯತ್ ಅನುಮತಿ ಬೇಕೇ ಎಂದು ಪಂಚಾಯತಿನಲ್ಲೇ ವಿಚಾರಿಸಿ. ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೂ ಮಾಹಿತಿ ಸಿಗುತ್ತದೆ. ಭಾಷೆಯ ಹೆದರಿಕೆ ಬೇಡ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಮ್ಮ ಪ್ರದೇಶದ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಲು ಅವಕಾಶ ಇದೆ.

ಕುಡುಂಬಶ್ರೀ ಅಯಲ್‌ಕೂಟ್ಟದಲ್ಲಿ (ಕೇರಳದ ಮಹಿಳಾ ಸ್ವಸಹಾಯ ಜಾಲದ ನೆರೆಕೂಟ) ನೀವಿದ್ದರೆ ಅದನ್ನು ಬಳಸಿಕೊಳ್ಳಿ. 1998ರಲ್ಲಿ ಶುರುವಾದ ಈ ಜಾಲ ಸಣ್ಣ ಸಾಲಕ್ಕಷ್ಟೇ ಅಲ್ಲ, ಓಣಂ ಹೊತ್ತಿನ ಮಾರಾಟ ಮೇಳಗಳಿಗೂ ದಾರಿ.

ಗೊಂಬೆಯ ವಿಷಯ ಈಗ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಮನೆಯಲ್ಲಿ ಮಾಡುವವರಿಗೆ ಅದು ಆಗುವ ಮಾತಲ್ಲ. ಆದರೆ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಆ ಗುರುತಿನ ಚೀಟಿಗೆ ಪೆಹಚಾನ್ ಕಾರ್ಡ್ ಎನ್ನುತ್ತಾರೆ. ಗೊಂಬೆಯೇ ನಿಮ್ಮ ಮುಖ್ಯ ಮಾಲು ಎಂದಾದರೆ ಆ ಕಾರ್ಡ್ ಮಾಡಿಸಿಕೊಂಡೇ ಮಾರಲು ಹೊರಡಿ.

ಜಿಎಸ್‌ಟಿ ಗಡಿಯವರಿಗೆ ಸ್ವಲ್ಪ ಬೇರೆಯೇ. ಕೇರಳದೊಳಗೆ ವಸ್ತು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಡ. ಮನೆ ಉದ್ಯಮ ಅಲ್ಲಿಗೆ ಮುಟ್ಟುವುದು ಅಪರೂಪ. ಆದರೆ ಮಂಗಳೂರಿನ ಅಂಗಡಿಗೆ ಮಾಲು ಕಳಿಸಿದರೆ ಅದು ಅಂತಾರಾಜ್ಯ ಮಾರಾಟ. ಮಂಜೇಶ್ವರದಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಾದರೂ ಕಾನೂನಿಗೆ ದೆಹಲಿಯೂ ಒಂದೇ, ತಲಪಾಡಿಯೂ ಒಂದೇ. ಅಂತಾರಾಜ್ಯ ಮಾರಾಟಕ್ಕೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಸರಕಾರ ಪಟ್ಟಿ ಮಾಡಿದ ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ 20 ಲಕ್ಷದವರೆಗೆ ವಿನಾಯಿತಿ ಇದೆ. ಗಿರಾಕಿಯ ಸೀರೆಗೆ ಕುಚ್ಚು ಕಟ್ಟುವುದು ವಸ್ತು ಮಾರಾಟವಲ್ಲ, ಸೇವೆ. ಸೇವೆಗೆ ಗಡಿ ದಾಟಿದರೂ 20 ಲಕ್ಷದವರೆಗೆ ನೋಂದಣಿ ಬೇಡ. ನಾನು ಕುಚ್ಚನ್ನು ಹೊಗಳುವುದಕ್ಕೆ ಇದೂ ಒಂದು ಕಾರಣ. ಮಂಗಳೂರಿನ ಅಂಗಡಿಯ ಜೊತೆ ಮಾತು ಮುಗಿಸುವ ಮೊದಲು, ನಿಮ್ಮ ವಸ್ತು ಆ ಪಟ್ಟಿಯಲ್ಲಿ ಇದೆಯೇ ಎಂದು ತೆರಿಗೆ ಲೆಕ್ಕ ನೋಡುವವರ ಹತ್ತಿರ ಒಮ್ಮೆ ಕೇಳಿ.

ಆನ್‌ಲೈನ್ ಮಾರಾಟ ತಾಣಗಳಲ್ಲೂ ಹೀಗೆಯೇ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಇಲ್ಲದ ಸಣ್ಣ ಮಾರಾಟಗಾರರು ಎನ್‌ರೋಲ್‌ಮೆಂಟ್ ನಂಬರ್ ಪಡೆದು ಅಲ್ಲಿ ಮಾರಬಹುದು, ಆದರೆ ತಮ್ಮ ರಾಜ್ಯದೊಳಗೆ ಮಾತ್ರ.

ಸಾಲದ ಬಗ್ಗೆ ನನ್ನದು ಹಳೇ ಕಾಲದ ಅಭಿಪ್ರಾಯ: ಮೊದಲ ವರ್ಷ ಬೇಡ. ಕಡ್ಡಿ ನೂಲಿಗೆ ಸಾಲ ಬೇಕಾಗುವುದಿಲ್ಲ. ಮೆಷಿನ್ ಕೊಳ್ಳುವ ಹೊತ್ತು ಬಂದಾಗ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಅದಕ್ಕೂ ಮೊದಲು ಲೆಕ್ಕ, ಮಾರಾಟ ಕಲಿಯಬೇಕೆಂದರೆ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳಲ್ಲಿ ಉಚಿತ ತರಬೇತಿ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯೇ ಅವುಗಳಿಗೆ ಮಾದರಿ.

ಹಂತ 9: ದುಡ್ಡು ಬೇರೆ ಇಡಿ, ಕೈ ಕಾಪಾಡಿ

ಒಂದು ಬೇರೆ ಉಳಿತಾಯ ಖಾತೆ, ಅದಕ್ಕೊಂದು ಯುಪಿಐ ಕ್ಯೂಆರ್ ಕೋಡ್. ಕುಚ್ಚಿನ ದುಡ್ಡಿನಲ್ಲಿ ಮೀನು ತಂದರೆ ತಿಂಗಳ ಕೊನೆಗೆ ಲಾಭ ಎಷ್ಟೆಂದು ದೇವರಿಗೂ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ನಿಮ್ಮ ಗಂಟೆಯ ಕೂಲಿಯನ್ನು ಮನೆ ಖಾತೆಗೆ ಹಾಕಿಕೊಳ್ಳಿ, ಉಳಿದದ್ದು ಅಲ್ಲೇ ಇರಲಿ.

ಮಣಿಕಟ್ಟು, ಕುತ್ತಿಗೆ, ಕಣ್ಣು, ಈ ಮೂರಕ್ಕೆ ವಿಮೆ ಇಲ್ಲ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಬೆರಳು ಬಿಡಿಸಿ. ರಾತ್ರಿ ಕಪ್ಪು ನೂಲಿನ ಕೆಲಸ ಬೇಡ.

ಹಂತ 10: ಬೇರೆಯವರಿಗೆ ಕೆಲಸ ಕೊಡುವ ಹೊತ್ತು

ಆರ್ಡರ್ ವಾಪಸ್ ಕಳಿಸುವಷ್ಟು ಕೆಲಸ ಎರಡು ಮೂರು ತಿಂಗಳು ಸತತ ಬಂದರೆ ಪಕ್ಕದ ಮನೆಯವರನ್ನು ಸೇರಿಸಿಕೊಳ್ಳಬಹುದು. ಒಬ್ಬರಿಂದ ಶುರು ಮಾಡಿ. ತೋರಣದ ಎಲೆಗಳು, ಕುಚ್ಚಿನ ಗೊಂಡೆಗಳು, ಹೀಗೆ ಒಂದೇ ಥರದ ಭಾಗಗಳನ್ನು ಕೊಡಿ. ಜೋಡಿಸುವುದು, ಕೊನೆಯ ತಪಾಸಣೆ, ಗಿರಾಕಿಯ ಸೀರೆ ಇವು ನಿಮ್ಮ ಕೈಯಲ್ಲೇ ಇರಲಿ. ಮಾದರಿಯ ಪೀಸ್ ಒಂದು, ಅಳತೆ ಬರೆದ ಚೀಟಿ ಒಂದು ಜೊತೆಗೆ ಕೊಡಿ. ಎಲ್ಲರ ಕೈಯ ಬಿಗಿ ಒಂದೇ ಇರುವುದಿಲ್ಲ. ಅದೇ ನೂಲು, ಅದೇ ಕಡ್ಡಿಯಲ್ಲಿ ಒಬ್ಬರ ಎಲೆ ಎರಡು ಇಂಚು, ಇನ್ನೊಬ್ಬರದ್ದು ಎರಡೂವರೆ ಬರುತ್ತದೆ. ಬಿಗಿ ಹಾಕುವವರಿಗೆ ಒಂದು ಸೈಜು ದೊಡ್ಡ ಕಡ್ಡಿ ಕೊಟ್ಟು ನೋಡಿ.

ಪೀಸಿಗೆ ಎಷ್ಟು ಎಂದು ನಿರ್ಧರಿಸುವ ಮೊದಲು ಅವರು ನಿಮ್ಮೆದುರು ಕೂತು ಹತ್ತು ಪೀಸ್ ಮಾಡಲಿ, ಗಡಿಯಾರ ನೋಡಿ. ಹತ್ತಕ್ಕೆ ಎರಡು ಗಂಟೆ ಹಿಡಿದರೆ, ಗಂಟೆಗೆ 60ರ ಲೆಕ್ಕದಲ್ಲಿ ಪೀಸಿಗೆ 12 ರೂಪಾಯಿ. ನೂಲು ನಿಮ್ಮದು, ತೂಗಿ ಕೊಟ್ಟು ತೂಗಿ ತೆಗೆದುಕೊಳ್ಳಿ. ಕೈ ಪಳಗಿ ಅವರು ಒಂದೂವರೆ ಗಂಟೆಯಲ್ಲಿ ಮುಗಿಸತೊಡಗಿದರೆ ದರ ಇಳಿಸಬೇಡಿ, ಆ ಅರ್ಧ ಗಂಟೆ ಅವರದ್ದು. ದುಡ್ಡು ಮಾಲು ಕೈಗೆ ಬಂದ ದಿನವೇ ಕೊಟ್ಟುಬಿಡಿ. ಗಿರಾಕಿ ತಡ ಮಾಡಿದರೆ ಆ ಕಷ್ಟ ನಿಮ್ಮ ಖಾತೆಗೆ, ಅವರ ಮೇಲೆ ಹಾಕುವಂತಿಲ್ಲ.